ವಾಲಂಟಿಯರ್ ಸಿಪಾಯಿಯ ಕಡತ ಓದುವ ಬಗೆ

ನಮ್ಮ ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಚಿನ್ನದ ಬೆಲೆ ಬಂದಿದ್ದು 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ. ಆ ಯುದ್ಧದಲ್ಲಿ ಉತ್ತರದ ಪರ ಬಂದೂಕು ಹಿಡಿದವರಲ್ಲಿ ಕಾಯಂ ಸೈನ್ಯದವರು ತೀರಾ ಕಡಿಮೆ. ಉಳಿದವರು ತಮ್ಮ ತಮ್ಮ ಊರಲ್ಲೇ ಹೆಸರು ಬರೆಸಿ ಹೊರಟ ವಾಲಂಟಿಯರುಗಳು. ಅಂಥ ಒಬ್ಬನ ಸೇವೆಯನ್ನು ಕಾಗದಪತ್ರಗಳಿಂದ ಜೋಡಿಸುವಾಗ ನಾನು ಅನುಸರಿಸುವ ಕ್ರಮ ಇದು. ಬಹಳ ಜನ ರೆಜಿಮೆಂಟಿನ ಇತಿಹಾಸ ಓದಿ, ಅದು ಕಾದಿದ ಯುದ್ಧಗಳನ್ನೆಲ್ಲ ತಮ್ಮ ಸಿಪಾಯಿಯ ತಲೆಗೆ ಕಟ್ಟಿಬಿಡುತ್ತಾರೆ. ನಾನು ರೆಜಿಮೆಂಟಿನ ಇತಿಹಾಸವನ್ನು ಕಡೆಗೆ ತೆರೆಯುತ್ತೇನೆ.

ಮೊದಲು ಬೇಕಾದದ್ದು ರಾಜ್ಯ, ರೆಜಿಮೆಂಟ್, ಕಂಪನಿ ಈ ಮೂರು. ಬರೀ ಹೆಸರು ಹಿಡಿದು ಹೊರಟರೆ ದಾರಿ ತಪ್ಪುವುದೇ ಹೆಚ್ಚು. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಸೈನಿಕರ ಪಟ್ಟಿಯಲ್ಲಿ ಎರಡೂ ಕಡೆಯವರದು ಸೇರಿ 63 ಲಕ್ಷ ನಮೂದುಗಳಿವೆ, ಅಷ್ಟು ಮಂದಿ ಸೈನಿಕರಿರಲಿಲ್ಲ. ಒಬ್ಬನೇ ಎರಡು ರೆಜಿಮೆಂಟಿನಲ್ಲಿ ಸೇವೆ ಮಾಡಿದ್ದರೆ ಅಥವಾ ಗುಮಾಸ್ತ ಹೆಸರನ್ನು ಎರಡು ರೀತಿ ಬರೆದಿದ್ದರೆ ಎರಡೆರಡು ನಮೂದು. ಪದಾತಿ ರೆಜಿಮೆಂಟಿಗೆ ಹತ್ತು ಕಂಪನಿ, ಕಂಪನಿಗೆ ಸುಮಾರು ನೂರು ಜನ. ಕಂಪನಿಗಳ ಹೆಸರು 'ಎ'ಯಿಂದ 'ಕೆ'ವರೆಗೆ, ನಡುವೆ 'ಜೆ' ಇಲ್ಲ. ಹಳೆಯ ಕೈಬರಹದಲ್ಲಿ 'ಐ'ಗೂ 'ಜೆ'ಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಯಾರಾದರೂ 'ಜೆ ಕಂಪನಿ' ಎಂದು ಬರೆದಿದ್ದರೆ ಅದನ್ನು 'ಐ' ಎಂದು ಓದಿಕೊಳ್ಳಿ.

ಹೆಸರಿನಿಂದ ಸಿಗದವನು ಕಂಪನಿಯಿಂದ ಸಿಗುತ್ತಾನೆ. ಮಾಜಿ ಸೈನಿಕರ ಪಿಂಚಣಿ ಕಡತಗಳನ್ನು ಹುಡುಕಲು ಬೇಕಾದ ಸೂಚಿ ಕಾರ್ಡುಗಳ ಎರಡು ಸರಣಿಗಳು ಮೈಕ್ರೋಫಿಲ್ಮಿನಲ್ಲಿವೆ. ಟಿ288 ಹೆಸರಿನ ಅಕಾರಾದಿಯಲ್ಲಿದೆ, ಟಿ289 ರೆಜಿಮೆಂಟ್ ಮತ್ತು ಕಂಪನಿಯ ಕ್ರಮದಲ್ಲಿದೆ. ಜರ್ಮನ್, ಐರಿಷ್ ಹೆಸರುಗಳು ಗುಮಾಸ್ತರ ಕೈಯಲ್ಲಿ ಏನೇನೋ ಆಗಿವೆ. ಅಂಥವರಿಗೆ ನಾನು ನೇರವಾಗಿ ಟಿ289ಕ್ಕೆ ಹೋಗಿ ಆ ಕಂಪನಿಯ ಕಾರ್ಡುಗಳನ್ನು ಒಂದೊಂದಾಗಿ ನೋಡುತ್ತೇನೆ.

ನಂತರ ಸೇವಾ ಕಡತ. ಇದರ ಹೂರಣವೆಲ್ಲ ಮಸ್ಟರ್ ರೋಲ್. ನಮ್ಮ ಕಡೆ ಬರಗಾಲದ ಕಾಮಗಾರಿಯಿಂದ ಇಂದಿನ ಉದ್ಯೋಗ ಖಾತ್ರಿಯವರೆಗೆ ಕೂಲಿಯವರ ಹಾಜರಿಗೆ ಹೇಳುವುದೂ ಅದೇ ಮಾತು, ಕೆಲಸವೂ ಅದೇ: ಎಣಿಸಿ ಸಂಬಳ ಕೊಡುವುದು. ಎರಡು ತಿಂಗಳಿಗೊಮ್ಮೆ, ಫೆಬ್ರವರಿ, ಏಪ್ರಿಲ್, ಜೂನ್, ಆಗಸ್ಟ್, ಅಕ್ಟೋಬರ್, ಡಿಸೆಂಬರಿನ ಕೊನೆಯ ದಿನಕ್ಕೆ ಈ ಹಾಜರಿ. 1890ರ ದಶಕದಲ್ಲಿ ಯುದ್ಧ ಇಲಾಖೆಯ ಗುಮಾಸ್ತರು ಆ ಪಟ್ಟಿಗಳಿಂದ ಒಬ್ಬೊಬ್ಬನ ವಿವರವನ್ನೂ ಬಿಡಿ ಕಾರ್ಡುಗಳಿಗೆ ಇಳಿಸಿ, ಲಕೋಟೆಗೆ ಹಾಕಿಟ್ಟರು. ಈಗ ನಮಗೆ ಸಿಗುವುದು ಆ ನಕಲು.

ಎಡವುವುದು ಇಲ್ಲೇ. 1862ರ ನವೆಂಬರ್–ಡಿಸೆಂಬರ್ ಕಾರ್ಡಿನಲ್ಲಿ 'ಹಾಜರ್' ಎಂದಿದ್ದರೆ ಅವನು ಡಿಸೆಂಬರ್ 13ರ ಫ್ರೆಡರಿಕ್ಸ್‌ಬರ್ಗ್ ಯುದ್ಧದಲ್ಲಿ ಇದ್ದನೆಂದು ಅರ್ಥವಲ್ಲ. ಡಿಸೆಂಬರ್ ಕೊನೆಯ ಹಾಜರಿಗೆ ಇದ್ದ, ಅಷ್ಟೇ. ಆಸ್ಪತ್ರೆಯಿಂದ 20ನೇ ತಾರೀಖು ಮರಳಿದವನೂ 'ಹಾಜರ್'. ಅದೇ ಕಾರ್ಡಿನಲ್ಲಿ 'ಗೈರು' ಎಂದಿರುವವನು 13ರಂದು ಗಾಯಗೊಂಡವನೇ ಇರಬಹುದು. ಇದನ್ನು ಬಿಡಿಸಲು ಆಸ್ಪತ್ರೆ ದಾಖಲೆಯ ಕಾರ್ಡುಗಳು ಮತ್ತು ಕಂಪನಿಯ ದಿನದ ಬೆಳಗಿನ ವರದಿ ಬೇಕು. ಇವು ಸೇವಾ ಕಡತದ ಜೊತೆಗೆ ತಾವಾಗಿ ಬರುವುದಿಲ್ಲ, ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬೇರೆಯಾಗಿ ಕೇಳಬೇಕು.

ಹೆಸರು ಬರೆಸಿದ ದಿನ ಒಂದು, ಒಕ್ಕೂಟದ, ಅಂದರೆ ಉತ್ತರದ ಕೇಂದ್ರ ಸರ್ಕಾರದ, ಸೇವೆಗೆ ಸೇರಿಸಿಕೊಂಡ ದಿನ ಇನ್ನೊಂದು. ಇವೆರಡರ ನಡುವೆ ವಾರಗಳೇ ಕಳೆದಿರಬಹುದು. ಕನೆಕ್ಟಿಕಟ್ 14ನೇ ರೆಜಿಮೆಂಟಿನ 'ಎಫ್' ಕಂಪನಿಯಲ್ಲಿದ್ದ ಜೋಸೆಫ್ ಪಿಯರ್ಸ್‌ನನ್ನು ನೋಡಿ. ಚೀನಾದ ಕ್ಯಾಂಟನ್ನಿನಲ್ಲಿ ಹುಟ್ಟಿದವನು. ಅವನ ರೆಜಿಮೆಂಟನ್ನು ಸೇವೆಗೆ ಸೇರಿಸಿಕೊಂಡದ್ದು 1862ರ ಆಗಸ್ಟ್ 23ರಂದು, ಅದು ಆಂಟೀಟಮ್ ಕಾಳಗಕ್ಕೆ ಇಳಿದದ್ದು ಸೆಪ್ಟೆಂಬರ್ 17ರಂದು. ಲೆಕ್ಕ ಹಾಕಿದರೆ 25 ದಿನ. ಸರಿಯಾಗಿ ಕವಾಯತು ಕಲಿಯಲೂ ಸಾಲದ ಕಾಲ. ತಾರೀಖುಗಳನ್ನು ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದರೆ ಇಂಥವು ಕಣ್ಣಿಗೆ ಬೀಳುತ್ತವೆ.

ಕಾರ್ಡಿನ ಕೆಳಗಿನ ಷರಾ ಸಾಲುಗಳನ್ನು ಬಿಡಬೇಡಿ. ಕಳೆದ ನೀರಿನ ಡಬ್ಬಿಗೆ ಎಷ್ಟು ಮುರಿದುಕೊಂಡರು, ಬಟ್ಟೆಯ ಲೆಕ್ಕದಲ್ಲಿ ಎಷ್ಟು ಬಾಕಿ ಎಲ್ಲ ಅಲ್ಲಿದೆ. ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರ್, 1864ರಲ್ಲಿ 16ಕ್ಕೆ ಏರಿತು. 1862ರ ಬೇಸಿಗೆಯಲ್ಲಿ ಸೇರಿದವರಿಗೆ 100 ಡಾಲರ್ ಬೌಂಟಿಯಲ್ಲಿ (ಸೈನ್ಯ ಸೇರಿದ್ದಕ್ಕೆ ಕೊಡುವ ಇನಾಮು) 25 ಮುಂಗಡ. ಬಿಡುಗಡೆಯ ಕಾರ್ಡಿನಲ್ಲಿ 6 ಡಾಲರ್ ಕಡಿತ ಕಂಡರೆ ಅವನು ತನ್ನ ಬಂದೂಕನ್ನು ಕೊಂಡು ಮನೆಗೆ ಒಯ್ದ ಎಂದು ತಿಳಿಯಿರಿ. 1864ರ ಆರಂಭದಲ್ಲಿ ತಿಂಗಳ ಮಟ್ಟಿಗೆ 'ಗೈರು' ಇದ್ದರೆ ಗಾಬರಿ ಬೇಡ. ಮೂರು ವರ್ಷದ ಕರಾರನ್ನು ಮತ್ತೆ ಬರೆದುಕೊಟ್ಟ ಹಳಬರಿಗೆ ಸಿಗುತ್ತಿದ್ದ ರಜೆ ಅದು. 'ಪರಾರಿ' ಎಂಬ ಷರಾವನ್ನೂ ಕೂಡಲೇ ನಂಬುವುದಿಲ್ಲ. ಆಸ್ಪತ್ರೆಯಲ್ಲಿದ್ದವನ ಸುದ್ದಿ ಕಂಪನಿಗೆ ಮುಟ್ಟದಿದ್ದರೂ ಅದೇ ಷರಾ ಬೀಳುತ್ತಿತ್ತು. ಆರೋಪ ತೆಗೆದುಹಾಕಿದ ಆದೇಶ ಲಕೋಟೆಯಲ್ಲೇ ಇರಬಹುದು.

ಮನುಷ್ಯ ಮಾತಾಡುವುದು ಪಿಂಚಣಿ ಕಡತದಲ್ಲಿ. 1862ರ ಕಾಯ್ದೆಯಡಿ ಪೂರ್ತಿ ಅಶಕ್ತನಾದ ಸಿಪಾಯಿಗೆ ತಿಂಗಳಿಗೆ 8 ಡಾಲರ್, ಆದರೆ ಕಾಯಿಲೆ ಸೇವೆಯಲ್ಲೇ ಅಂಟಿದ್ದೆಂದು ರುಜುವಾತು ಮಾಡಬೇಕಿತ್ತು. ಹಾಗಾಗಿ ಜೊತೆಗಾರರ ಅಫಿಡವಿಟ್ಟುಗಳಲ್ಲಿ ಯಾವ ಶಿಬಿರ, ಯಾವ ಮಳೆ, ಎಷ್ಟು ದಿನ ಭೇದಿ ಎಂಬಷ್ಟು ವಿವರ. 1890ರ ಜೂನ್ 27ರ ಕಾಯ್ದೆ 90 ದಿನ ಸೇವೆ, ಗೌರವದ ಬಿಡುಗಡೆ ಮತ್ತು ದುಡಿಯಲಾಗದ ಸ್ಥಿತಿ ಇದ್ದರೆ ಸಾಕು, ಕಾರಣ ಬೇಡ ಎಂದಿತು. ಅಲ್ಲಿಂದ ಮುಂದೆ ಕಡತಗಳು ಸಪ್ಪೆ. ಹೀಗಾಗಿ ನಾನು 1890ಕ್ಕಿಂತ ಹಿಂದಿನ ಅರ್ಜಿಯನ್ನೇ ಮೊದಲು ಹುಡುಕುತ್ತೇನೆ. ಇವೆಲ್ಲ ದುಡ್ಡಿಗಾಗಿ, ಎಷ್ಟೋ ವರ್ಷ ಕಳೆದ ಮೇಲೆ ಕೊಟ್ಟ ಹೇಳಿಕೆಗಳು. ಸಾಕ್ಷಿ ಹೇಳಿದ ತಿಂಗಳನ್ನು ಮಸ್ಟರ್ ಕಾರ್ಡಿನ ಪಕ್ಕ ಇಟ್ಟು ನೋಡದೆ ಬರೆದುಕೊಳ್ಳಬಾರದು. ಸಾಕ್ಷಿದಾರನೇ ಆ ತಿಂಗಳು ಗೈರಾಗಿದ್ದ ಉದಾಹರಣೆಗಳು ಸಿಗುತ್ತವೆ.

ನಿಮ್ಮವನ ಕಡತ ತೆಳುವಾಗಿದ್ದರೆ ಅದೇ ಊರಿನಿಂದ ಅದೇ ಕಂಪನಿಗೆ ಸೇರಿದ ಐದಾರು ಜನರ ಕಡತ ತರಿಸಿ. ಅವರಿಗೆ ಸಾಕ್ಷಿ ಹೇಳಿದವನು ಇವನೇ ಆಗಿರಬಹುದು. ಹಾಗೆ ಹೇಳುವಾಗ ತನ್ನ ವಯಸ್ಸು, ವಿಳಾಸ, ತಾನು ಆಗ ಎಲ್ಲಿದ್ದೆ ಎಂಬುದನ್ನೂ ಹೇಳಿರುತ್ತಾನೆ. ಇಷ್ಟು ಫಲ ಕೊಡುವ ಉಪಾಯ ನನಗೆ ಬೇರೆ ಗೊತ್ತಿಲ್ಲ. ಮನೆಯ ವಿವರಕ್ಕೆ ಪಿಂಚಣಿ ಕಚೇರಿ ಪಿಂಚಣಿದಾರರಿಗೆ ಕಳಿಸಿದ 1898 ಮತ್ತು 1915ರ ಪ್ರಶ್ನಾವಳಿಗಳು ಸಾಕು: ಹೆಂಡತಿಯ ತವರಿನ ಹೆಸರು, ಮದುವೆಯ ದಿನ, ಮಕ್ಕಳು ಹುಟ್ಟಿದ ತಾರೀಖು.

1890ರ ಮಾಜಿ ಸೈನಿಕರ ಗಣತಿ ಎಲ್ಲ ರಾಜ್ಯಗಳಿಗೂ ಸಿಗದು. ಅಕಾರಾದಿಯಲ್ಲಿ ಅಲಬಾಮಾದಿಂದ ಕಾನ್ಸಸ್‌ವರೆಗಿನದು ಬಹುಪಾಲು ಉಳಿದಿಲ್ಲ, ಕೆಂಟಕಿಯದು ಅರ್ಧ. ಕನೆಕ್ಟಿಕಟ್‌ನವರು ಅದರ ಆಸೆ ಬಿಡಬೇಕು. 1910ರ ಜನಗಣತಿಯ 30ನೇ ಕಾಲಮಿನಲ್ಲಿ 'ಯುಎ' ಎಂದಿದ್ದರೆ ಉತ್ತರದ ಸೈನ್ಯ, 'ಸಿಎ' ಎಂದಿದ್ದರೆ ದಕ್ಷಿಣದ್ದು.

ಸರ್ಕಾರ ಕೊಟ್ಟ ಗೋರಿಕಲ್ಲಿನಲ್ಲಿ ಸಾಮಾನ್ಯವಾಗಿ ಗುರಾಣಿಯ ಚಿತ್ರದೊಳಗೆ ಹೆಸರು, ಕಂಪನಿ, ರೆಜಿಮೆಂಟ್ ಮಾತ್ರ, ಸತ್ತ ದಿನ ಇರುವುದಿಲ್ಲ. ಅದಕ್ಕೆ ಪಿಂಚಣಿ ಕಡತದಲ್ಲಿ, ಪಿಂಚಣಿದಾರರ ಪಟ್ಟಿಯಿಂದ ಹೆಸರು ಕೈಬಿಟ್ಟ ಚೀಟಿಯನ್ನು ಹುಡುಕಿ. ಕೊನೆಯದಾಗಿ ಎಷ್ಟು ಡಾಲರ್, ಯಾವ ತಾರೀಖಿನವರೆಗೆ ಕೊಟ್ಟರು, ಯಾಕೆ ನಿಲ್ಲಿಸಿದರು ಎಂಬುದು ಆ ಒಂದೇ ಹಾಳೆಯಲ್ಲಿರುತ್ತದೆ.