ಪತ್ರಾಸ್ ಶೆಡ್ಡಿಗೆ ವೈಫೈ ಒಯ್ಯುವುದು ಹೇಗೆ?

ಸಿಂಧನೂರಿನ ಹತ್ತಿರದ ನಮ್ಮ ಹೊಲದಲ್ಲಿ ಮನೆಗೂ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿಗೂ ನಡುವೆ 35 ಮೀಟರ್ ಅಂತರ. ಶೆಡ್ಡಿನ ತುಂಬ ಭತ್ತದ ಚೀಲ, ಮೂಲೆಯಲ್ಲಿ ತೂಕದ ಯಂತ್ರ, ಮೇಲೊಂದು ಸಿಸಿಟಿವಿ ಕ್ಯಾಮೆರಾ. ಮನೆಯ ವೈಫೈ ಅಂಗಳ ದಾಟಿ ಶೆಡ್ಡಿನ ಬಾಗಿಲ ತನಕ ಚೆನ್ನಾಗಿಯೇ ಬರುತ್ತಿತ್ತು. ಶಟರ್ ಎಳೆದರೆ ಕ್ಯಾಮೆರಾ ಕಣ್ಣು ಮುಚ್ಚುತ್ತಿತ್ತು.

ಇಟ್ಟಿಗೆ ಗೋಡೆ ರೇಡಿಯೋ ಅಲೆಯನ್ನು ಒಂದಿಷ್ಟು ಹೀರಿಕೊಂಡು ಉಳಿದದ್ದನ್ನು ಒಳಗೆ ಬಿಡುತ್ತದೆ. ಪತ್ರಾಸು ಹಾಗಲ್ಲ, ಕನ್ನಡಿ ಬೆಳಕನ್ನು ತಿರುಗಿಸಿದಂತೆ ಅಲೆಯನ್ನು ಬಂದ ದಾರಿಗೇ ಕಳಿಸುತ್ತದೆ. ಒಳಗೆ ಬರುವ ಅಷ್ಟಿಷ್ಟು ಸಿಗ್ನಲ್ಲು ತೆರೆದ ಬಾಗಿಲು, ಕಿಟಕಿ, ಬೆಳಕಿಗೆಂದು ಚಾವಣಿಗೆ ಹಾಕಿದ ಫೈಬರ್ ಶೀಟಿನಿಂದ ಬಂದದ್ದು. ಹಾಗಾಗಿ ಶೆಡ್ಡಿನೊಳಗೆ ರಿಪೀಟರ್ ಸಿಕ್ಕಿಸಿ ಫಲವಿಲ್ಲ. ಅದು ತನಗೆ ಕೇಳಿಸಿದ್ದನ್ನಷ್ಟೇ ಮತ್ತೆ ಹೇಳುತ್ತದೆ, ಅಲ್ಲಿ ಅದಕ್ಕೆ ಏನೂ ಕೇಳಿಸುವುದಿಲ್ಲ. ನಾವೂ ಮೊದಲು ಅದಕ್ಕೇ ದುಡ್ಡು ಹಾಕಿದೆವು, ಮೂರು ವಾರ ಜಾಗ ಬದಲಿಸಿ ಬದಲಿಸಿ ನೋಡಿ ಕೈಬಿಟ್ಟೆವು. ಇಂಟರ್ನೆಟ್ಟನ್ನು ತಂತಿಯಲ್ಲಿ ಗೋಡೆ ದಾಟಿಸಿ, ಒಳಗೆ ಹೋದ ಮೇಲೆ ವೈಫೈ ಮಾಡುವುದೇ ಸರಿಯಾದ ದಾರಿ.

ತಂತಿ ಆರಿಸುವುದು

100 ಮೀಟರ್ ಒಳಗಿದ್ದರೆ ಕ್ಯಾಟ್ 6 ಎಂಬ ತಾಮ್ರದ ನೆಟ್‌ವರ್ಕ್ ಕೇಬಲ್ ಸಾಕು. ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯದ್ದನ್ನೇ ಕೇಳಿ. ಒಳಾಂಗಣದ ಕೇಬಲ್ಲು ನಮ್ಮ ಬಿಸಿಲಿಗೆ ಬೇಗ ಪೆಡಸಾಗಿ ಬಿರಿಯುತ್ತದೆ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಬಣ್ಣದ ಕೆಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ, ವಾಪಸ್ ಕೊಡಿ.

ಇಷ್ಟಾದರೂ ನಾನು ಈಗ ಯಾರು ಕೇಳಿದರೂ ತಾಮ್ರದ ಬದಲು ಬೆಳಕಿನಲ್ಲಿ ಸಿಗ್ನಲ್ ಒಯ್ಯುವ ಫೈಬರ್ ಕೇಬಲ್ ಹಾಕಿ ಅನ್ನುತ್ತೇನೆ. ಕಾರಣ ಸಿಡಿಲು. ಮುಂಗಾರಿಗೆ ಮುಂಚಿನ ಮಳೆಯಲ್ಲಿ ಒಂದು ಸಂಜೆ ದೂರದ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ನಮ್ಮ ಮನೆಗೂ ಶೆಡ್ಡಿಗೂ ಏನೂ ಆಗಲಿಲ್ಲ, ಆದರೆ ಕೇಬಲ್ಲಿನ ಎರಡೂ ತುದಿಯ ಪೋರ್ಟು ಸತ್ತಿದ್ದವು. ಹತ್ತಿರ ಸಿಡಿಲು ಬಿದ್ದಾಗ ಉದ್ದನೆಯ ತಾಮ್ರದಲ್ಲಿ ವಿದ್ಯುತ್ ಹುಟ್ಟುತ್ತದೆ. ಮನೆಯ ಅರ್ಥಿಂಗ್ ಬೇರೆ, ಶೆಡ್ಡಿನದ್ದು ಬೇರೆ ಆಗಿದ್ದರೆ ಅಪಾಯ ಇನ್ನೂ ಹೆಚ್ಚು. ಫೈಬರ್ ಅಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಒಳಗೆ ಉಕ್ಕಿನ ತಂತಿ ಇಲ್ಲದ, ಎರಡೂ ತುದಿಗೆ ಕನೆಕ್ಟರ್ ಹಾಕಿರುವ, ಸಿಂಗಲ್ ಮೋಡ್ ಎಂಬ ಬಗೆಯ ಫೈಬರ್ ಕೇಬಲ್ ಸಿಗುತ್ತದೆ. ಅದಕ್ಕೆ ಎರಡು ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿನ ಸಿಗ್ನಲ್ಲಾಗಿ ಬದಲಿಸುವ ಚಿಕ್ಕ ಪೆಟ್ಟಿಗೆ, ಬೇಕು. ಒಂದೇ ಎಳೆಯ ಫೈಬರ್ ಆದರೆ ಒಂದು ಎ, ಇನ್ನೊಂದು ಬಿ, ಹೀಗೆ ಜೋಡಿಯಾಗಿಯೇ ತರಬೇಕು. ಎರಡೂ ಎ ಆದರೆ ದೀಪ ಹತ್ತುವುದಿಲ್ಲ.

ನೆಲದಲ್ಲಿ ಹೂಳುವುದು

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ತುಂಡು ತುಂಡು ಪಿವಿಸಿ ಪೈಪ್ ಹಾಕಿದರೆ ಕೀಲು ಬಿಚ್ಚಿಕೊಳ್ಳುತ್ತದೆ. ಸುರುಳಿಯಲ್ಲಿ ಸಿಗುವ ಕಪ್ಪು ಎಚ್‌ಡಿಪಿಇ ಪೈಪನ್ನು ಒಂದೇ ತುಂಡಾಗಿ, ನೇಗಿಲು ತಾಗದ ಆಳದಲ್ಲಿ ಹೂತು, ಒಳಗೆ ಕೇಬಲ್ ಸಡಿಲವಾಗಿ ಬಿಡಿ. ಎರಡೂ ತುದಿಯಲ್ಲಿ ಒಂದೆರಡು ಸುತ್ತು ಹೆಚ್ಚಿಗೆ ಇರಲಿ. ಕರೆಂಟ್ ತಂತಿಯ ಪೈಪಿನಲ್ಲಿ ಇದನ್ನು ಸೇರಿಸಬೇಡಿ. ಪೈಪಿನ ಬಾಯಿ ಮುಚ್ಚಿ, ಇಲ್ಲದಿದ್ದರೆ ಇಲಿ ಒಳಗೆ ಮನೆ ಮಾಡುತ್ತದೆ.

ಪತ್ರಾಸಿಗೆ ತೂತು ಕೊರೆದ ಮೇಲೆ ಅದರ ಅಂಚನ್ನು ಬೆರಳಿಂದ ಮುಟ್ಟಿ ನೋಡಿ, ಚಾಕುವಿನಷ್ಟು ಹರಿತ ಇರುತ್ತದೆ. ರಬ್ಬರ್ ಬುಷ್ ಹಾಕಿಯೇ ಕೇಬಲ್ ತೂರಿಸಿ. ಹೊರಗೆ ಕೇಬಲ್ಲನ್ನು ತೂತಿಗಿಂತ ಸ್ವಲ್ಪ ಕೆಳಗೆ ಜೋಲಿಸಿ ಮೇಲಕ್ಕೆ ತಂದರೆ ಮಳೆನೀರು ಜೋಲಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಒಳಗಿನ ರೂಟರ್

ಹಳೆಯ ರೂಟರ್ ಇದ್ದರೆ ಅದೇ ಸಾಕು. ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಮನೆಯ ನೆಟ್‌ವರ್ಕನ್ನೇ ವೈಫೈ ಆಗಿ ಹರಡುವ ಆಯ್ಕೆ) ಇದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ ಮೊದಲು ಅದರ ವಿಳಾಸ ಬದಲಿಸಿ, ಮನೆಯದ್ದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ, ಫೋನು-ಕ್ಯಾಮೆರಾಗಳಿಗೆ ವಿಳಾಸ ಹಂಚುವ ಆ ಕೆಲಸವನ್ನು ಮನೆಯ ರೂಟರೇ ಮಾಡಲಿ. ಕೊನೆಗೆ ಕೇಬಲ್ಲನ್ನು LAN ಎಂದು ಬರೆದ ಲ್ಯಾನ್ ಪೋರ್ಟಿಗೆ ಹಾಕಿ, WAN ಎಂದು ಬರೆದ ವ್ಯಾನ್ ಪೋರ್ಟಿಗೆ ಬೇಡ. ಹೆಸರು, ಪಾಸ್‌ವರ್ಡ್ ಮನೆಯದ್ದೇ ಇದ್ದರೆ ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ.

ಇಡುವ ಜಾಗದ ಬಗ್ಗೆ ಬಹಳ ಎಚ್ಚರ ಬೇಕು. ಮನೆಬಳಕೆಯ ಬಹುತೇಕ ರೂಟರುಗಳು 40 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ ತಾಳುತ್ತವೆ. ರಾಯಚೂರು ಜಿಲ್ಲೆಯ ಬೇಸಿಗೆ ಹೊರಗಡೆಯೇ ಅಷ್ಟನ್ನು ದಾಟುತ್ತದೆ, ಪತ್ರಾಸಿನ ಕೆಳಗೆ ಹೇಳುವುದೇ ಬೇಡ. ಚಾವಣಿಗೆ ತೂಗುಹಾಕದೆ ತಲೆಯೆತ್ತರದಲ್ಲಿ, ಬಿಸಿಲು ಬೀಳದ ಬಡಗಣ ಗೋಡೆಗೆ ಮರದ ಹಲಗೆ ಬಡಿದು ಅದರ ಮೇಲೆ ಕೂಡಿಸಿ. ಆಂಟೆನಾಕ್ಕೂ ಪತ್ರಾಸಿಗೂ ಗೇಣು ಅಂತರ ಇರಲಿ. ದೂಳಿಗೆಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರೆ ಶೆಡ್ಡಿನೊಳಗೆ ಇನ್ನೊಂದು ಶೆಡ್ಡು ಕಟ್ಟಿದಂತೆ, ಕೆಳಗೆ ಗಾಳಿಗಂಡಿ ಇರುವ ಪ್ಲಾಸ್ಟಿಕ್ ಪೆಟ್ಟಿಗೆ ಬಳಸಿ.

ನಡುವೆ ರಸ್ತೆಯೋ ಕಾಲುವೆಯೋ ಇದ್ದು ಅಗೆಯಲು ಆಗದಿದ್ದರೆ 5 ಗಿಗಾಹರ್ಟ್ಸ್‌ನ ಜೋಡಿ ಬ್ರಿಡ್ಜ್ ಇದೆ, ಅಂದರೆ ತಂತಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಸಿಗ್ನಲ್ ಸಾಗಿಸುವ ಎರಡು ಪೆಟ್ಟಿಗೆ. ಎರಡನ್ನೂ ಹೊರಗೋಡೆಯ ಮೇಲೆ ಒಂದಕ್ಕೊಂದು ನೇರ ಕಾಣುವಂತೆ ಕಟ್ಟಿ, ಅಲ್ಲಿಂದ ಮೋಟು ಕೇಬಲ್ ಒಳಗೆ ತನ್ನಿ. ನಡುವೆ ಎಳೆಯ ಮರವಿದ್ದರೆ ನಾಳೆ ಅದು ಎಷ್ಟು ಬೆಳೆಯುತ್ತದೆ ಎಂಬುದನ್ನೂ ಲೆಕ್ಕ ಹಾಕಿ.

ಕರೆಂಟ್ ಹೋದಾಗಲೂ ನಡೆಯಬೇಕೆಂದರೆ ಮನೆಯ ತುದಿಗೂ ಶೆಡ್ಡಿನ ತುದಿಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಬೇಕು. ಎಲ್ಲ ಮುಗಿದ ಮೇಲೆ ಶಟರ್ ಪೂರ್ತಿ ಎಳೆದು, ಫೋನ್ ಹಿಡಿದು ಚೀಲಗಳ ಹಿಂದಿನ ಮೂಲೆಯವರೆಗೂ ನಡೆದು ನೋಡಿ. ಸುಗ್ಗಿಯಲ್ಲಿ ಚೀಲ ಚಾವಣಿ ಮುಟ್ಟಿದಾಗ ಇನ್ನೊಮ್ಮೆ ನೋಡಿ. ತೇವದ ಭತ್ತವೂ ಸಿಗ್ನಲ್ ಹೀರುತ್ತದೆ, ಆಗ ನಾವು ರೂಟರನ್ನು ಎರಡಡಿ ಮೇಲೇರಿಸಬೇಕಾಯಿತು.