ಹಾರ್ಡ್‌ಡಿಸ್ಕ್ ಎನ್‌ಟಿಎಫ್‌ಎಸ್ ಆಯ್ತು, ಫೈಲ್ ಕಾಣ್ತಿಲ್ಲ: ಈಗೇನು ಮಾಡೋದು?

ರಾಜಾಜಿನಗರದಲ್ಲಿರುವ ನಮ್ಮ ಚಿಕ್ಕಮ್ಮನ ಮಗಳ ಮದುವೆ ವಿಡಿಯೊ 7 ಜಿಬಿ ಇತ್ತು. ಮನೆಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕಲು ಹೋದರೆ ಕಂಪ್ಯೂಟರ್ ಒಪ್ಪಲಿಲ್ಲ. ಜಾಗ ಬೇಕಾದಷ್ಟಿತ್ತು. ಆದರೆ ಡಿಸ್ಕ್ ಫ್ಯಾಟ್32 ಮಾದರಿಯದು (ಮಾದರಿ ಅಂದರೆ ಡಿಸ್ಕ್ ಒಳಗೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ), ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ವಿಂಡೋಸ್‌ನ ಕನ್ವರ್ಟ್ ಕಮಾಂಡ್ ಕೊಟ್ಟು ನಾನೇ ಅದನ್ನು ದೊಡ್ಡ ಫೈಲ್ ಹಿಡಿಸುವ ಎನ್‌ಟಿಎಫ್‌ಎಸ್ ಮಾದರಿಗೆ ಬದಲಾಯಿಸಿದೆ. ಹಳೇ ಫೋಟೊಗಳೆಲ್ಲ ಹಾಗೇ ಉಳಿದವು, ವಿಡಿಯೊನೂ ಕೂತಿತು. ಮಾರನೇ ದಿನ ಬೆಳಗ್ಗೆಯೇ ಚಿಕ್ಕಮ್ಮನ ಫೋನ್: “ಟಿವಿಗೆ ಹಾಕಿದ್ರೆ ಏನೂ ಬರ್ತಿಲ್ಲ ಕಣೋ. ಎಲ್ಲಾ ಅಳಿಸಿಹೋಯ್ತಾ?”

ಏನೂ ಅಳಿಸಿರಲಿಲ್ಲ. ಡಿಸ್ಕ್ ಬದಲಾಯಿಸಿದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇಂಥವೇ. ಫೈಲ್ ಅಲ್ಲೇ ಇರುತ್ತದೆ, ಓದುವ ಯಂತ್ರಕ್ಕೆ ಹೊಸ ಮಾದರಿ ಗೊತ್ತಿರುವುದಿಲ್ಲ. ಫೈಲ್ ನಿಜವಾಗಿ ಹೋಗುವುದು ಆಮೇಲೆ, ಗಾಬರಿಯಲ್ಲಿ ನಾವು ಒತ್ತುವ ಒಂದು ಬಟನ್‌ನಿಂದ.

ಫಾರ್ಮ್ಯಾಟ್ ಅಂದರೆ ಬೇಡ ಅನ್ನಿ

ವಿಂಡೋಸ್ “ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು” ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಮ್ಯಾಕ್‌ನಲ್ಲಾದರೆ ಇಜೆಕ್ಟ್. ಕೆಲವು ಟಿವಿಗಳೂ ಇದೇ ಪ್ರಶ್ನೆ ಕೇಳುತ್ತವೆ, ರಿಮೋಟ್ ಮಕ್ಕಳ ಕೈಯಲ್ಲಿದ್ದರೆ ಮೊದಲು ಇಸ್ಕೊಳ್ಳಿ. ಡಿಸ್ಕ್‌ಗೆ ಹೊಸದಾಗಿ ಏನನ್ನೂ ಕಾಪಿ ಮಾಡಬೇಡಿ.

ಈಗ ಬದಲಾಯಿಸಿದ ಅದೇ ಕಂಪ್ಯೂಟರ್‌ಗೆ ಡಿಸ್ಕ್ ಹಾಕಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎನ್‌ಟಿಎಫ್‌ಎಸ್ ಅಂತಿದ್ದು, ಮುಂದೆ ಇ, ಎಫ್ ಥರದ ಅಕ್ಷರ ಇಲ್ಲದಿದ್ದರೆ ಕೆಲಸ ಸುಲಭ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಡ್ರೈವ್ ಲೆಟರ್‌ಗೆ ಹೋಗಿ ಒಂದು ಅಕ್ಷರ ಕೊಡಿ. ಫೋಲ್ಡರ್‌ಗಳು ತಕ್ಷಣ ಕಾಣುತ್ತವೆ. ಅಕ್ಷರವೂ ಇದ್ದು ಫೈಲೂ ತೆರೆದರೆ ಡಿಸ್ಕ್ ಸರಿಯಾಗೇ ಇದೆ, ಟಿವಿಯ ಕಡೆ ನೋಡಬೇಕು.

ಎನ್‌ಟಿಎಫ್‌ಎಸ್ ಇರಬೇಕಾದ ಜಾಗದಲ್ಲಿ ‘ರಾ’ (RAW) ಅಂತ ಬಂದರೆ ಅಲ್ಲೇ ನಿಲ್ಲಿಸಿ. ಡಿಸ್ಕ್ ಯಾವ ಮಾದರಿಯದು ಅಂತ ವಿಂಡೋಸ್‌ಗೆ ಗೊತ್ತಾಗುತ್ತಿಲ್ಲ ಅಂತ ಅರ್ಥ. ಬದಲಾಯಿಸುವಾಗ ನಡುವೆ ಕರೆಂಟ್ ಹೋದರೆ ಅಥವಾ ಕೇಬಲ್ ಅಲುಗಿದರೆ ಹೀಗಾಗಬಹುದು. ಸಂಜೆ ಮಳೆ ಶುರುವಾದರೆ ಕರೆಂಟ್ ನಂಬಂಗಿಲ್ಲ, ಅಲ್ವಾ? ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಮೊದಲು ಡಿಸ್ಕ್ ಹತ್ತಿರ ಕಿವಿ ಇಡಿ. ಟಿಕ್, ಟಿಕ್ ಅಂತ ಒಂದೇ ಸಮ ಸದ್ದು ಬಂದರೆ ಕೇಬಲ್ ತೆಗೆದು ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಅಂಥ ಡಿಸ್ಕ್ ತಿರುಗಿದಷ್ಟೂ ಹಾಳಾಗುತ್ತದೆ. ಸದ್ದಿಲ್ಲದಿದ್ದರೆ ಅಷ್ಟೇ ದೊಡ್ಡದು ಅಥವಾ ಇನ್ನೂ ದೊಡ್ಡ ಡಿಸ್ಕ್ ಒಂದನ್ನು ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿನಿಂದ ತನ್ನಿ. ಹಳೆಯದನ್ನು ಪೂರ್ತಿಯಾಗಿ ಅದಕ್ಕೆ ಕ್ಲೋನ್ ಮಾಡಿ, ಅಂದರೆ ಇದ್ದದ್ದು ಇದ್ದಹಾಗೇ ನಕಲು ಇಳಿಸಿ. ಆಮೇಲೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವನ್ನು ಕ್ಲೋನ್ ಮೇಲೆ ಮಾತ್ರ ಓಡಿಸಿ. ಡಿಸ್ಕ್ ಯಾವ ಮಾದರಿಯದು ಎಂದು ಹೇಳುವ ಮೊದಲ ಭಾಗಕ್ಕೆ ಬೂಟ್ ಸೆಕ್ಟರ್ ಅನ್ನುತ್ತಾರೆ. ಎನ್‌ಟಿಎಫ್‌ಎಸ್ ಅದರ ಇನ್ನೊಂದು ಪ್ರತಿಯನ್ನು ಪಾರ್ಟಿಷನ್‌ನ (ಡಿಸ್ಕ್‌ನ ಆ ವಿಭಾಗದ) ಕೊನೆಯಲ್ಲಿ ಇಟ್ಟಿರುತ್ತದೆ. ಮೊದಲಲ್ಲಿರುವುದು ಕೆಟ್ಟಿದ್ದರೆ ಟೆಸ್ಟ್‌ಡಿಸ್ಕ್ ಕೊನೆಯಲ್ಲಿರುವ ಪ್ರತಿಯನ್ನು ತಂದು ಕೂರಿಸಬಲ್ಲದು. ಕ್ಲೋನ್ ಮಾಡದೆ ನೇರವಾಗಿ ಕೈ ಹಾಕಬೇಡಿ ಅಂತ ಇನ್ನೊಮ್ಮೆ ಹೇಳುತ್ತೇನೆ. ಮದುವೆ ಫೋಟೊ ಮತ್ತೆ ತೆಗೆಯುವುದಕ್ಕಾಗಲ್ಲ.

ಡಿಸ್ಕ್ ತೆರೆದರೂ ಕೆಲವು ಫೈಲ್ ಮಾತ್ರ ಓಡದಿದ್ದರೆ, ಮುಖ್ಯವಾದದ್ದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟು, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ. ರಿಪೇರಿ ಅಂದರೆ ಡಿಸ್ಕ್ ಮೇಲೆ ಬರೆಯುವುದೇ, ಹಾಗಾಗಿ ಕಾಪಿ ಮೊದಲು.

ಅಕ್ಸೆಸ್ ಡಿನೈಡ್ ಅಂದರೆ

ಫ್ಯಾಟ್32ನಲ್ಲಿ ಫೈಲ್‌ಗೆ ಯಜಮಾನ ಅಂತ ಯಾರೂ ಇಲ್ಲ. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲ್‌ಗೂ ಇರುತ್ತಾರೆ. ಬೇರೆ ಕಂಪ್ಯೂಟರ್‌ನಲ್ಲಿ ಹಾಕಿದ ಫೋಲ್ಡರ್ ನಿಮ್ಮದರಲ್ಲಿ ತೆರೆಯದಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ, ಅಡ್ವಾನ್ಸ್‌ಡ್‌ಗೆ ಹೋಗಿ, ಓನರ್ ಪಕ್ಕದ ಚೇಂಜ್ ಒತ್ತಿ ನಿಮ್ಮ ಹೆಸರು ಹಾಕಿ. ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸುವ ಚೌಕಕ್ಕೆ ಟಿಕ್ ಮಾಡಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಮೇಲೆ ಮಾತ್ರ ಇದನ್ನು ಮಾಡಬೇಡಿ.

ಲಿನಕ್ಸ್ ಇಟ್ಟುಕೊಂಡವರಿಗೆ ಇನ್ನೊಂದು ಫಜೀತಿ. ಮಾದರಿ ಬದಲಾದರೆ ಡಿಸ್ಕ್‌ನ ಗುರುತಿನ ಸಂಖ್ಯೆ, ಅಂದರೆ ಯುಯುಐಡಿ ಕೂಡ ಬದಲಾಗುತ್ತದೆ. ಯಾವ ಡಿಸ್ಕ್ ಎಲ್ಲಿ ತೆರೆಯಬೇಕು ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್ (fstab) ಫೈಲ್‌ನಲ್ಲಿ ಹಳೇ ಸಂಖ್ಯೆಯೇ ಉಳಿದಿದ್ದರೆ ಕಂಪ್ಯೂಟರ್ ಆನ್ ಆಗುವಾಗ ಕಾದು ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಬಹುದು. ಸಂಖ್ಯೆ, ಮಾದರಿಯ ಹೆಸರು ಎರಡನ್ನೂ ತಿದ್ದಿ, ಜೊತೆಗೆ ಡಿಸ್ಕ್ ಸಿಗದಿದ್ದರೂ ಮುಂದುವರಿ ಎನ್ನುವ ನೋಫೇಲ್ (nofail) ಅಂತ ಸೇರಿಸಿ. ಡಿಸ್ಕ್ ಓದಲು ಮಾತ್ರ ಸಿಕ್ಕಿ ಬರೆಯಲು ಆಗದಿದ್ದರೆ, ವಿಂಡೋಸ್ ಅದನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ ಅಂತ ಅರ್ಥ. ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ ಬನ್ನಿ.

ಮ್ಯಾಕ್ ಎನ್‌ಟಿಎಫ್‌ಎಸ್ ಓದುತ್ತದೆ, ಬರೆಯುವುದಿಲ್ಲ. ಅದು ಡಿಸ್ಕ್‌ನ ತಪ್ಪಲ್ಲ. ಮ್ಯಾಕ್, ವಿಂಡೋಸ್ ಎರಡೂ ಇರುವ ಮನೆಗೆ ಎರಡೂ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ಮಾದರಿ ಒಳ್ಳೆಯದು. ಆದರೆ ಕನ್ವರ್ಟ್ ಕಮಾಂಡ್‌ಗೆ ಒಂದೇ ದಾರಿ, ಎನ್‌ಟಿಎಫ್‌ಎಸ್ ಕಡೆಗೆ ಮಾತ್ರ. ಬೇರೆ ಮಾದರಿ ಬೇಕೆಂದರೆ ಎಲ್ಲವನ್ನೂ ಹೊರಗೆ ಕಾಪಿ ಮಾಡಿ, ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಬೇಕು.

ಚಿಕ್ಕಮ್ಮನ ಟಿವಿ ಹಳೆಯದು, ಫ್ಯಾಟ್32 ಬಿಟ್ಟರೆ ಬೇರೆ ಓದುವುದಿಲ್ಲ. ಡಿಸ್ಕನ್ನು ಹಾಗೇ ಬಿಟ್ಟು, ಒಂದು 16 ಜಿಬಿ ಪೆನ್‌ಡ್ರೈವ್ ಫ್ಯಾಟ್32ನಲ್ಲಿ ಸಿದ್ಧ ಮಾಡಿದೆ. ವಿಡಿಯೊ ಎರಡು ತುಂಡು ಮಾಡಿದೆ, ಎರಡೂ 4 ಜಿಬಿಗಿಂತ ಕಡಿಮೆ. ಆರತಕ್ಷತೆ ಒಂದು ಫೈಲ್, ಧಾರೆ ಇನ್ನೊಂದು. ಆ ಸಂಜೆ ಅವರು ಧಾರೆಯನ್ನೇ ಮೊದಲು ಹಾಕಿಸಿಕೊಂಡು ನೋಡಿದರು.