ಮಾರ್ಚ್ ಮನವಿ ಪತ್ರ ಕಸದ ಬುಟ್ಟಿಗೆ ಬೀಳದಿರಲು

ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಆ ವರ್ಷ ಕೊಟ್ಟ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ (1961ರ ಕಾಯ್ದೆಯಲ್ಲಿ 80ಜಿ) ಬೇಕಾದವರು ಅಷ್ಟರೊಳಗೆ ದಾನ ಕೊಡಬೇಕು. ಹಾಗಾಗಿ ಎಲ್ಲ ಟ್ರಸ್ಟ್‌ಗಳ ಲಕೋಟೆಗಳೂ ಒಂದೇ ಹದಿನೈದು ದಿನದಲ್ಲಿ ದಾನಿಯ ಮೇಜಿಗೆ ಬೀಳುತ್ತವೆ. ನಿಮ್ಮ ಸಂಸ್ಥೆಯ ಮನವಿ ಪತ್ರ ಫೆಬ್ರುವರಿ ಮೂರನೇ ವಾರಕ್ಕೇ ತಲುಪಲಿ. ಅದಕ್ಕೆ ಕೆಲಸ ಜನವರಿಯಲ್ಲೇ ಶುರುವಾಗಬೇಕು.

ಪಟ್ಟಿ. ಕಳೆದ ವರ್ಷ ಕೊಟ್ಟವರು, ಹಿಂದೆ ಕೊಟ್ಟು ನಿಲ್ಲಿಸಿದವರು, ಇದುವರೆಗೆ ಕೊಡದವರು ಎಂದು ಮೂರು ಭಾಗ ಮಾಡಿ. ಮೂವರಿಗೂ ಬೇರೆ ಬೇರೆ ಪತ್ರ. ಹೆಸರು, ಇನಿಷಿಯಲ್, ಆರಂಕಿಯ ಪಿನ್‌ಕೋಡ್ ಸರಿನೋಡಿ. ತೀರಿಕೊಂಡವರ ಹೆಸರಿಗೆ ಪತ್ರ ಹೋದರೆ ಆ ಮನೆಯವರ ಮುಂದೆ ಮತ್ತೆ ಕೈಚಾಚುವ ಮುಖ ಉಳಿಯುವುದಿಲ್ಲ.

ಬರವಣಿಗೆ. ‘ಮಾನ್ಯರೇ’ ಬಿಡಿ, ಹೆಸರು ಬರೆಯಿರಿ. ಸಂಸ್ಥೆಯ ಸ್ಥಾಪನೆ, ಧ್ಯೇಯೋದ್ದೇಶ, ಗಣ್ಯರ ಭೇಟಿಯಿಂದ ಶುರುವಾಗುವ ಪತ್ರವನ್ನು ಯಾರೂ ಎರಡನೇ ಪ್ಯಾರಾದವರೆಗೆ ಓದುವುದಿಲ್ಲ. ಮೊದಲ ಸಾಲಿನಲ್ಲೇ ಅವರ ದುಡ್ಡು ಏನಾಯಿತೆಂದು ಹೇಳಿ: ‘ಕಳೆದ ಮಾರ್ಚ್‌ನಲ್ಲಿ ನೀವು ಕೊಟ್ಟ 3,000 ರೂಪಾಯಿಯಲ್ಲಿ ಹಾಸ್ಟೆಲ್‌ಗೆ ನಾಲ್ಕು ಕಂಬಳಿ ಬಂದವು.’ ಆಮೇಲೆ ಈ ವರ್ಷದ ಬೇಡಿಕೆ. ಅದೂ ಒಂದೇ ಇರಲಿ. ಹತ್ತು ಯೋಜನೆ ಪಟ್ಟಿ ಮಾಡಿದರೆ ಒಂದೂ ನೆನಪಲ್ಲಿ ಉಳಿಯದು.

‘ಯಥಾಶಕ್ತಿ’ ಎಂಬ ಪದ ಕೇಳಲು ವಿನಯ, ಆದರೆ ದಾನಿಯನ್ನು ಗೊಂದಲಕ್ಕೆ ನೂಕುತ್ತದೆ: ಐನೂರು ಕಡಿಮೆಯಾಯಿತೇ, ಐದು ಸಾವಿರ ಹೆಚ್ಚಾಯಿತೇ? ಕಳೆದ ಬಾರಿಯ ಮೊತ್ತವನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ನೇರವಾಗಿ ಕೇಳಿ. ಅಕ್ಷರ 13 ಪಾಯಿಂಟ್‌ಗಿಂತ ಚಿಕ್ಕದು ಬೇಡ, ಓದುವವರಲ್ಲಿ ಹಿರಿಯರೇ ಹೆಚ್ಚು. ಸಹಿ ನೀಲಿ ಶಾಯಿಯಲ್ಲಿ, ಕೈಯಲ್ಲೇ. ಸಹಿಯ ಕೆಳಗೆ ‘ವಿ.ಸೂ.’ ಹಾಕಿ ಮೊತ್ತ, ಉದ್ದೇಶ, ಕೊನೆಯ ದಿನಾಂಕವನ್ನು ಮತ್ತೊಮ್ಮೆ ಬರೆಯಿರಿ. ಪತ್ರ ಓದದವರ ಕಣ್ಣೂ ಅಲ್ಲಿಗೆ ಹೋಗುತ್ತದೆ.

ತೂಕ. 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ) ಎ4 ಹಾಳೆ 5 ಗ್ರಾಂ. ಪತ್ರ, ದಾನಿ ವಿವರ ತುಂಬುವ, ಹಾಳೆಯ ಮೂರನೇ ಒಂದು ಭಾಗದ ಚೀಟಿ, ಮರಳಿ ಕಳಿಸುವ ಲಕೋಟೆ, ಹೊರ ಲಕೋಟೆ ಸೇರಿ ಸುಮಾರು 16 ಗ್ರಾಂ. ಸಾಮಾನ್ಯ ಪತ್ರದ ಮೊದಲ ಹಂತ 20 ಗ್ರಾಂ, 5 ರೂಪಾಯಿ. ಇದಕ್ಕೆ 170 ಜಿಎಸ್‌ಎಂನ ಒಂದು ಎ4 ಹೊಳಪು ಬ್ರೋಷರ್ ಸೇರಿಸಿದರೆ 10 ಗ್ರಾಂಗೂ ಹೆಚ್ಚು ಏರಿ ಅಂಚೆವೆಚ್ಚ ದುಪ್ಪಟ್ಟಾಗುತ್ತದೆ. ಅಂಚೆಚೀಟಿ ಕಡಿಮೆ ಹಚ್ಚಿದರೆ ಕೊರತೆಯ ಎರಡರಷ್ಟನ್ನು ದಾನಿಯಿಂದಲೇ ವಸೂಲು ಮಾಡುತ್ತಾರೆ. ಎಲ್ಲ ತುಂಬಿದ ಒಂದು ಲಕೋಟೆಯನ್ನು ಮೊದಲೇ ಅಂಚೆ ಕಚೇರಿಯಲ್ಲಿ ತೂಗಿಸಿ. ವಿಳಾಸ ಕೈಬರಹದಲ್ಲಿದ್ದು, ಅಂಚೆಚೀಟಿ ಕೈಯಲ್ಲೇ ಹಚ್ಚಿದ್ದರೆ ಅದು ಜಾಹೀರಾತಿನಂತೆ ಕಾಣದು.

ಕ್ಯೂಆರ್ ಮತ್ತು ಚೀಟಿ. ಕ್ಯೂಆರ್ ಕನಿಷ್ಠ 3 ಸೆಂ.ಮೀ. ಇರಲಿ. ಮೂರು ಭಾಗವಾಗಿ ಮಡಿಸಿದ ಎ4 ಹಾಳೆಯಲ್ಲಿ ಮಡಿಕೆಗಳು ಮೇಲಿನಿಂದ ಸುಮಾರು 10 ಮತ್ತು 20 ಸೆಂ.ಮೀ.ಗೆ ಬರುತ್ತವೆ. ಅಲ್ಲಿ ಕ್ಯೂಆರ್ ಮುದ್ರಿಸಿದರೆ ಗೆರೆ ಬಿದ್ದು ಸ್ಕ್ಯಾನ್ ಆಗದಿರಬಹುದು. ಯುಪಿಐನಲ್ಲಿ ಹಣ ಬರುತ್ತದೆ, ವಿಳಾಸ ಮತ್ತು ಪ್ಯಾನ್ ಬರುವುದಿಲ್ಲ. ಅವಿಲ್ಲದೆ ದಾನದ ಪ್ರಮಾಣಪತ್ರ ಕೊಡುವಾಗ ಪರದಾಟ. ಆದ್ದರಿಂದ ಹೆಸರು, ವಿಳಾಸ, ಪ್ಯಾನ್ ತುಂಬುವ ಚೀಟಿ ಬೇಕೇ ಬೇಕು, ಜತೆಗೆ ಆ ವಿವರ ಕಳಿಸಲು ಒಂದು ವಾಟ್ಸ್‌ಆ್ಯಪ್ ಸಂಖ್ಯೆ.

2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲವೆಂದು ಚೀಟಿಯಲ್ಲೇ ಮುದ್ರಿಸಿ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಈ ವಿನಾಯಿತಿಯ ಲಾಭವೇ ಇಲ್ಲ. ಹಾಗಾಗಿ ತೆರಿಗೆಯ ಮಾತು ಒಂದೇ ಸಾಲಿರಲಿ, ಪತ್ರದ ಭಾರವೆಲ್ಲ ಅದರ ಮೇಲೆ ಬೀಳದಿರಲಿ.

ವಿದೇಶದ ಕನ್ನಡಿಗರು. ಇಲ್ಲಿ ಎಡವಿದರೆ ದುಬಾರಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರದು, ಅವರ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆ ಅದನ್ನು ಪಡೆಯುವಂತಿಲ್ಲ. ನೋಂದಣಿ ಇದ್ದರೂ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸ್ಥಳೀಯ ಖಾತೆಯ ಕ್ಯೂಆರ್ ಇರುವ ಪತ್ರವನ್ನು ಅವರಿಗೆ ಕಳಿಸಲೇಬೇಡಿ.

ಆಮೇಲೆ. ಮಾರ್ಚ್ 20ರ ಸುಮಾರಿಗೆ, ಉತ್ತರ ಬಾರದವರಿಗೆ ಮಾತ್ರ, ಎರಡು ಸಾಲಿನ ನೆನಪೋಲೆ. ಹಣ ಬಂದ ವಾರದೊಳಗೆ ರಸೀದಿ. ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ದಾನಿಗೆ ದಾನದ ಪ್ರಮಾಣಪತ್ರ ಕೊಡಲು ಮೇ 31 ಗಡುವು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಆ ಪ್ರಮಾಣಪತ್ರದ ಜತೆ ಕಂಬಳಿ ಹೊದ್ದ ಮಕ್ಕಳ ಕೈಬರಹದ ಒಂದು ಚೀಟಿ ಇಡಿ. ಮತ್ತೇನನ್ನೂ ಕೇಳಬೇಡಿ.